ಈ ಹಾಡು ಕೇಳು

ರಾಜಗೃಹದ ಪೂರ್ವಕ್ಕೆ ಅಂಬಸಂಡ ಎಂಬ ಬ್ರಾಹ್ಮಣರ ಊರು. ಅದರ ಉತ್ತರಕ್ಕೊಂದು ಬೆಟ್ಟ, ಬೆಟ್ಟದಲ್ಲಿ ಇಂದ್ರಶಾಲ ಗುಹೆ. ಬುದ್ಧ ಅಲ್ಲಿ ಧ್ಯಾನಕ್ಕೆ ಕೂತಿದ್ದಾನೆ. ದೇವೇಂದ್ರನಿಗೆ ಅವನ ಹತ್ತಿರ ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆಗಳಿವೆ, ಆದರೆ ಏಕಾಏಕಿ ಎದುರು ಹೋಗಿ ನಿಲ್ಲಲು ಅಳುಕು. ಪಂಚಶಿಖನೆಂಬ ಗಂಧರ್ವನನ್ನು ಕರೆದು, ಮೊದಲು ನೀನು ಹೋಗಿ ಅವನನ್ನು ಒಲಿಸು, ಬೆನ್ನಿಗೇ ನಾವು ಬರುತ್ತೇವೆ ಎಂದು ಮುಂದೆ ಕಳಿಸುತ್ತಾನೆ.

ಪಂಚಶಿಖ ಬಿಲ್ವದ ಮರದ ಹಳದಿ ವೀಣೆ ಹಿಡಿದು ಹೊರಡುತ್ತಾನೆ. ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲ ಎನ್ನುವ ಅಂತರದಲ್ಲಿ ನಿಂತು ಹಾಡುತ್ತಾನೆ. ಹಾಡಿದ್ದು ಸ್ತೋತ್ರವಲ್ಲ, ತಾನು ಮೋಹಿಸಿದ ಹುಡುಗಿಯ ಮೇಲೆ ತಾನೇ ಕಟ್ಟಿದ ಪ್ರೇಮಗೀತೆ. ನಡುನಡುವೆ ಬುದ್ಧ, ಧರ್ಮ, ಅರ್ಹಂತರ ಹೆಸರು ಬರುತ್ತವೆ ನಿಜ. ಬರುವುದು ಮಾತ್ರ ಉಪಮೆಯಾಗಿ: ಅರ್ಹಂತರು ಧರ್ಮವನ್ನು ಹೇಗೆ ಬಯಸುತ್ತಾರೋ ತಾನು ಅವಳನ್ನು ಹಾಗೆ ಬಯಸುತ್ತೇನೆ ಎಂಬ ಧಾಟಿಯಲ್ಲಿ. ಹೆಂಡತಿ ಮಗುವನ್ನು ಬಿಟ್ಟು ಬಂದವನ ಗುಹೆಯ ಬಾಗಿಲಲ್ಲಿ ಹಾಡಲು ಇದಕ್ಕಿಂತ ಹೊತ್ತುಗೊತ್ತಿಲ್ಲದ ಹಾಡು ಇನ್ನೊಂದು ಸಿಕ್ಕುತ್ತಿರಲಿಲ್ಲ.

ಬುದ್ಧ ಗದರಲಿಲ್ಲ. ದೀಘನಿಕಾಯದ ಸಕ್ಕಪನ್ಹ ಸುತ್ತ ಈ ಪ್ರಸಂಗವನ್ನು ಹೇಳುತ್ತದೆ. ಗಾಂಧಾರದ ಶಿಲ್ಪಿಗಳಿಗೆ, ಸಾಂಚಿಯ ಶಿಲ್ಪಿಗಳಿಗೆ ಇದು ಬಲು ಇಷ್ಟದ ದೃಶ್ಯವಾಗಿತ್ತು. ಹಾಡು ಮುಗಿದ ಮೇಲೆ ಬುದ್ಧ ಆಡಿದ ಮೊದಲ ಮಾತು ಶ್ರುತಿಯ ಬಗ್ಗೆ. ತಂತಿಯ ನಾದ ಕಂಠಕ್ಕೆ ಹೊಂದಿದೆ, ಕಂಠ ತಂತಿಗೆ ಹೊಂದಿದೆ, ಒಂದು ಇನ್ನೊಂದನ್ನು ಮುಚ್ಚಿಲ್ಲ ಎಂದ. ಎರಡನೆಯದು ಪ್ರಶ್ನೆ: ಇದನ್ನು ಕಟ್ಟಿದ್ದು ಯಾವಾಗ? ಆಗ ಪಂಚಶಿಖ ತನ್ನ ಕಥೆಯನ್ನೆಲ್ಲ ಬಿಚ್ಚಿದ. ಆ ಕಥೆ ಆಮೇಲೆ.

ಕನ್ನಡದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಒಂದೇ ಕ್ರಿಯಾಪದ. ಬೇಡುವುದಕ್ಕೂ ಅದೇ. ಬುದ್ಧ ಹಾಡು ಕೇಳಿದ, ಆಮೇಲೆ ಹಾಡಿನ ಬಗ್ಗೆ ಕೇಳಿದ. ಇಂದು ಗೆಳೆಯನ ಕಿವಿಗೆ ಇಯರ್‌ಫೋನಿನ ಒಂದು ತುದಿ ಸಿಕ್ಕಿಸಿ ‘ಈ ಹಾಡು ಕೇಳು’ ಎನ್ನುವವನು ಏನನ್ನು ಕೇಳುತ್ತಿದ್ದಾನೆ? ಬರೀ ಮೂರು ನಿಮಿಷ ಕಿವಿ ಕೊಡು ಎಂದಲ್ಲ. ಅವನ ಕಣ್ಣು ಗೆಳೆಯನ ಮುಖದ ಮೇಲೇ ಇರುತ್ತದೆ. ‘ಸ್ವಲ್ಪ ತಡಿ, ಈಗ ಬರುತ್ತೆ ನೋಡು’ ಎಂದು ಪಲ್ಲವಿ ಮುಗಿಯುವ ಮುನ್ನವೇ ಎಚ್ಚರಿಸುತ್ತಾನೆ. ಆ ಜಾಗ ಬಂದು ಹೋಗುತ್ತದೆ. ಗೆಳೆಯ ‘ಹ್ಞೂಂ, ಚೆನ್ನಾಗಿದೆ’ ಎಂದು ಇಯರ್‌ಫೋನ್ ವಾಪಸು ಕೊಡುತ್ತಾನೆ. ಈ ‘ಚೆನ್ನಾಗಿದೆ’ಗಿಂತ ಬೈಗುಳವೇ ಮೇಲು ಎನ್ನಿಸುವುದುಂಟು.

ಯಾಕೆ ನೋವಾಗಬೇಕು? ಹಾಡು ಅವನು ಕಟ್ಟಿದ್ದಲ್ಲ, ರಾಗ ಹಾಕಿದ್ದೂ ಅಲ್ಲ. ಒಂದು ಕಾರಣವನ್ನು ಭಾಷೆಯೇ ಬಿಟ್ಟುಕೊಡುತ್ತದೆ. ಕನ್ನಡದಲ್ಲಿ ಹಾಡು ‘ಹಿಡಿಸುತ್ತದೆ’. ಕರ್ತೃ ಹಾಡು, ಕೇಳುವವನು ಬರೀ ‘ನನಗೆ’. ಗುಂಗು ಹಿಡಿಯುವುದು, ಹುಚ್ಚು ಹಿಡಿಯುವುದು, ದೆವ್ವ ಹಿಡಿಯುವುದು ಎಲ್ಲವೂ ಅದೇ ಧಾತುವಿನಿಂದ. ಮೆಚ್ಚಿದ ಹಾಡು ಆರಿಸಿ ತಂದ ಸರಕಲ್ಲ, ತನಗೆ ಆದದ್ದು. ಅದನ್ನು ಇನ್ನೊಬ್ಬರ ಮುಂದಿಟ್ಟಾಗ ಹೊರಬೀಳುವುದು ಅಭಿಪ್ರಾಯಕ್ಕಿಂತ ಹೆಚ್ಚಿನದು: ತಾನು ಎಲ್ಲಿ ಸಿಕ್ಕಿಬೀಳುತ್ತೇನೆ ಎಂಬ ಗುಟ್ಟು.

ಇದಕ್ಕೆ ಪುರಾತನವಾದ ಸಮಾಧಾನವೊಂದಿದೆ. ಲೋಕದ ರುಚಿ ಬಗೆಬಗೆ, ಅವರವರಿಗೆ ಅವರವರದು, ಬಿಟ್ಟುಬಿಡಿ. ವಾದ ಮುಗಿಸಲು ಎಲ್ಲರೂ ಬಳಸುವ ಈ ಮಾತು ಕಾಳಿದಾಸನ ‘ರಘುವಂಶ’ದಲ್ಲಿ ಬರುವ ಸಂದರ್ಭ ಮಾತ್ರ ಸ್ವಾರಸ್ಯದ್ದು. ಇಂದುಮತಿಯ ಸ್ವಯಂವರ. ಅಂಗದೇಶದ ರಾಜನ ಮುಂದೆ ಅವಳು ನಿಲ್ಲದೆ ಸಾಗುತ್ತಾಳೆ. ಅವನು ಚೆಲುವನಲ್ಲ ಎಂದಲ್ಲ, ಅವಳಿಗೆ ನೋಡಲು ಬಾರದು ಎಂದೂ ಅಲ್ಲ, ಜನರ ರುಚಿ ಬೇರೆ ಬೇರೆ ಎಂದು ಕವಿ ಸಮಜಾಯಿಷಿ ಕೊಡುತ್ತಾನೆ. ತಿರಸ್ಕೃತನ ಮುಖ ಉಳಿಸುವ ಉಪಚಾರದ ಮಾತು ಅದು. ಮುಂದೆ ಅಜನನ್ನು ಕಂಡಾಗ ಅವಳು ‘ರುಚಿ ಬೇರೆ ಬೇರೆ’ ಎನ್ನುತ್ತ ನಿಲ್ಲಲಿಲ್ಲ, ಮಾಲೆ ಹಾಕಿದಳು. ನಿಜವಾಗಿ ಮೆಚ್ಚಿದವರು ಆ ಸೂತ್ರವನ್ನು ತಮಗೆ ಅನ್ವಯಿಸಿಕೊಳ್ಳುವುದಿಲ್ಲ.

ಇದೇ ಎಳೆಯನ್ನು ಹಿಡಿದು ಜಗ್ಗಿದವನು ಕೋನಿಗ್ಸ್‌ಬರ್ಗ್‌ನ ಇಮ್ಯಾನುಯೆಲ್ ಕಾಂಟ್. ಸೌಂದರ್ಯದ ತೀರ್ಪನ್ನು ಕುರಿತ ಅವನ ದೊಡ್ಡ ಗ್ರಂಥ 1790ರಲ್ಲಿ ಹೊರಬಂತು. ಕ್ಯಾನರಿ ದ್ವೀಪದ ವೈನ್ ಹಿತವಾಗಿದೆ ಎಂದವನನ್ನು ‘ನಿನಗೆ ಹಿತ ಅನ್ನು’ ಎಂದು ಯಾರಾದರೂ ತಿದ್ದಿದರೆ ಅವನು ತಕರಾರಿಲ್ಲದೆ ಒಪ್ಪುತ್ತಾನೆ. ಸುಂದರ ಎಂದವನು ಹಾಗೆ ಒಪ್ಪುವುದಿಲ್ಲ. ‘ನನಗೆ ಸುಂದರ’ ಎಂಬ ಮಾತೇ ನಗೆಪಾಟಲು ಎನ್ನುತ್ತಾನೆ ಕಾಂಟ್. ಸುಂದರ ಎನ್ನುವಾಗ ಮನುಷ್ಯ ಎಲ್ಲರ ಪರವಾಗಿ ಮಾತಾಡುತ್ತಾನೆ, ಎಲ್ಲರ ಒಪ್ಪಿಗೆ ತನಗೆ ಸಲ್ಲಬೇಕು ಎಂಬಂತೆ. ಆದರೆ ಆ ಒಪ್ಪಿಗೆಯನ್ನು ವಸೂಲು ಮಾಡಲು ಅವನ ಬಳಿ ಪುರಾವೆ ಇಲ್ಲ, ಸೂತ್ರವಿಲ್ಲ, ಗಣಿತವಿಲ್ಲ. ಕೇಳಿಕೊಳ್ಳಬಹುದು, ಅಷ್ಟೆ. ‘ಕೇಳು’ವಿನ ಮೂರನೆಯ ಅರ್ಥ ಇಲ್ಲಿ ಬಂದು ಸೇರುತ್ತದೆ.

ತಮಾಷೆಯೆಂದರೆ, ಇಷ್ಟು ಸೂಕ್ಷ್ಮವಾಗಿ ಬರೆದ ಕಾಂಟ್‌ಗೆ ಸಂಗೀತ ಕಂಡರೆ ಅಷ್ಟಕ್ಕಷ್ಟೆ. ಸಂಗೀತಕ್ಕೆ ನಯನಾಜೂಕಿಲ್ಲ, ಕರೆಯದ ಮನೆಗೂ ನುಗ್ಗುತ್ತದೆ ಎಂದು ಅದೇ ಗ್ರಂಥದಲ್ಲಿ ದೂರುತ್ತಾನೆ. ಒಬ್ಬ ಜೇಬಿನಿಂದ ಅತ್ತರು ಹಚ್ಚಿದ ಕರವಸ್ತ್ರ ತೆಗೆದರೆ ಸುತ್ತಲಿನವರೆಲ್ಲ ಬೇಕೋ ಬೇಡವೋ ಮೂಸಲೇಬೇಕಲ್ಲ, ಸಂಗೀತವೂ ಹಾಗೆ ಎಂಬ ಹೋಲಿಕೆ ಅವನದು. ಹಿಂದೆ ಸ್ವಂತ ಸಂಕಟವೂ ಇತ್ತು. ಅವನ ಮನೆ ಸೆರೆಮನೆಯ ಆಸುಪಾಸಿನಲ್ಲಿತ್ತು, ಕೈದಿಗಳು ಗಟ್ಟಿಯಾಗಿ ಭಕ್ತಿಗೀತೆ ಹಾಡುತ್ತಿದ್ದರು. 1784ರಲ್ಲಿ ಅವನು ನಗರಾಧ್ಯಕ್ಷ ಹಿಪ್ಪೆಲ್‌ಗೆ ಪತ್ರ ಬರೆದು ಈ ಕಾಟ ತಪ್ಪಿಸಬೇಕೆಂದು ವಿನಂತಿಸಿಕೊಂಡ. ಮನೆಮನೆಯ ಭಜನೆ ನೆರೆಯವರಿಗೆ ಎರಡೇ ದಾರಿ ಉಳಿಸುತ್ತದೆ, ಕೂಡಿ ಹಾಡು ಇಲ್ಲವೇ ಯೋಚನೆ ನಿಲ್ಲಿಸು ಎಂದು ಗ್ರಂಥದ ಅಡಿಟಿಪ್ಪಣಿಯಲ್ಲೂ ಕುಟುಕಿದ.

ಬೆಳಗಿನ ಐದಕ್ಕೆ ಗುಡಿಯ ಧ್ವನಿವರ್ಧಕದ ಕೆಳಗೆ ಮಲಗಿದವರಿಗೆ ಈ ಅಡಿಟಿಪ್ಪಣಿಯನ್ನು ವಿವರಿಸಬೇಕಾಗಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಚ್ಚಿ ಹಾಡು ಹಾಕುವುದಕ್ಕೆ 2021ರಲ್ಲಿ ಹೈಕೋರ್ಟಿನ ನಿರ್ದೇಶನದ ಮೇರೆಗೆ ತಡೆ ಬಿತ್ತು. ಹೇಳಿದ ಮಾತು ಕೇಳದವರನ್ನು ಕೆಳಗಿಳಿಸುವ ಅಧಿಕಾರ ಬಸ್ಸಿನ ಸಿಬ್ಬಂದಿಗೆ ಸಿಕ್ಕಿತು. ಹಾಡು ಹಂಚಿಕೊಳ್ಳುವುದು ಬೇರೆ, ಹಾಡು ಹೇರುವುದು ಬೇರೆ. ಪಂಚಶಿಖ ಅಂತರ ನೋಡಿ ನಿಂತಿದ್ದು ಸುಮ್ಮನೆ ಅಲ್ಲ.

ಕಾಂಟ್‌ಗಿಂತ ಸುಮಾರು ಎಂಟು ಶತಮಾನ ಮೊದಲೇ ಕಾಶ್ಮೀರದ ಅಭಿನವಗುಪ್ತ ಇದೇ ಪ್ರಶ್ನೆಗೆ ಬೇರೆ ದಿಕ್ಕಿನಿಂದ ಬಂದಿದ್ದ. ಅವನು ಶೈವ ಸಾಧಕ, ತಾಂತ್ರಿಕ, ಜೊತೆಗೆ ಕಾವ್ಯ ಮೀಮಾಂಸಕ. ಅವನಲ್ಲಿ ಇವನ್ನು ಬಿಡಿಸಿ ನೋಡಲು ಬರುವುದಿಲ್ಲ. ರಸಾನುಭವಕ್ಕೆ ಬರುವ ವಿಘ್ನಗಳನ್ನು ಪಟ್ಟಿ ಮಾಡುವಾಗ ‘ಇದು ನನ್ನದು, ಇದು ಇನ್ನೊಬ್ಬನದು’ ಎಂಬ ಎಣಿಕೆಯನ್ನೂ ಅವನು ಸೇರಿಸುತ್ತಾನೆ. ನನ್ನ ದುಃಖ ದುಃಖವೇ, ರಸವಲ್ಲ. ಅದು ಯಾರದೂ ಅಲ್ಲದ, ಎಲ್ಲರದೂ ಆದ ದುಃಖವಾದಾಗ ಮಾತ್ರ ಸವಿಯಬಹುದು. ಭಟ್ಟನಾಯಕ ಇದಕ್ಕೆ ಸಾಧಾರಣೀಕರಣ ಎಂದು ಹೆಸರಿಟ್ಟಿದ್ದ. ಈ ಲೆಕ್ಕದಲ್ಲಿ ‘ನನ್ನ ಮೆಚ್ಚಿನ ಹಾಡು’ ಎಂಬ ಮಾತಿನಲ್ಲೇ ತೊಡಕಿದೆ. ಹಾಡು ಹಿಡಿದ ಗಳಿಗೆಯಲ್ಲಿ ‘ನನ್ನ’ ಕರಗಿರುತ್ತದೆ. ಹಾಡು ಮುಗಿದ ಮೇಲೆ ಅದು ವಾಪಸು ಬಂದು ಹಕ್ಕು ಸಾಧಿಸುತ್ತದೆ.

‘ತಂತ್ರಾಲೋಕ’ದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಒಂದೇ ಆದ ಚೈತನ್ಯ ದೇಹಗಳು ಬೇರೆಯಾದ್ದರಿಂದ ಸಂಕೋಚಗೊಂಡಿದೆ. ಗೀತ ನೃತ್ಯಗಳ ಸಭೆಯಲ್ಲಿ ನೆರೆದವರೆಲ್ಲ ತನ್ಮಯರಾದಾಗ ಕನ್ನಡಿಗೆ ಕನ್ನಡಿ ಹಿಡಿದಂತೆ ಒಬ್ಬರ ಅರಿವು ಇನ್ನೊಬ್ಬರಲ್ಲಿ ಹೊಳೆದು ಅದು ಮತ್ತೆ ಹಿಗ್ಗುತ್ತದೆ. ಒಂಟಿಯಾಗಿ ಕೇಳಿದಾಗಿನ ಆನಂದಕ್ಕಿಂತ ಇದು ಹೆಚ್ಚು. ಆದರೆ ಆ ಸಭೆಯಲ್ಲಿ ಒಬ್ಬ, ಒಬ್ಬನೇ ಒಬ್ಬ, ತನ್ಮಯನಾಗದೆ ಕೂತಿದ್ದರೆ ಸಾಕು; ಉಳಿದವರ ಅರಿವು ಒರಟು ನೆಲಕ್ಕೆ ಕೈ ತಾಗಿದಂತೆ ತಡವರಿಸುತ್ತದೆ. ಸಂಗೀತ ಕಚೇರಿಯಲ್ಲಿ ಪಕ್ಕದವನು ಗಡಿಯಾರ ನೋಡಿಕೊಂಡಾಗ ಆಗುವ ಕಸಿವಿಸಿಗೆ ಇಷ್ಟು ಗಂಭೀರವಾದ ತತ್ವ ಕಟ್ಟಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಇಯರ್‌ಫೋನ್ ಹಂಚಿಕೊಂಡ ಹುಡುಗ ಗೆಳೆಯನ ಮುಖ ನೋಡುವುದೂ ಇದೇ ಕಾರಣಕ್ಕೆ. ಇನ್ನೊಂದು ಕನ್ನಡಿ ಬೇಕು ಅವನಿಗೆ.

ಸಹೃದಯ ಯಾರು ಎಂಬುದಕ್ಕೆ ಅಭಿನವಗುಪ್ತ ಕೊಡುವ ವಿವರಣೆಯಲ್ಲೂ ಕನ್ನಡಿಯೇ ಬರುತ್ತದೆ: ಕಾವ್ಯದ ಅಭ್ಯಾಸದಿಂದ ತಿಕ್ಕಿ ಬೆಳಗಿದ ಮನಸ್ಸುಳ್ಳವನು. ಅಪಾಯವೂ ಇಲ್ಲೇ ಇದೆ. ಯಾರ ಕನ್ನಡಿ ಬೆಳಗಿದೆ, ಯಾರದು ಮಸುಕಾಗಿದೆ ಎಂದು ತೀರ್ಪು ಕೊಡುವವರು ಯಾರು? ಸಹೃದಯ ಎಂಬ ಪದ ಬಹುಬೇಗ ಒಳಗಿನವರ ಗುರುತಿನ ಚೀಟಿಯಾಗಿಬಿಡುತ್ತದೆ.

ಚಿಶ್ತಿ ಸೂಫಿಗಳಿಗೂ ಸಭೆಯ ಚಿಂತೆ ಇತ್ತು. ಸಮಾ, ಅಂದರೆ ಕೇಳುವ ಸಾಧನೆ, ಅವರ ದಾರಿ. ಅದಕ್ಕೆ ಮೂರು ಕೂಡಿಬರಬೇಕು ಎಂಬುದು ಬಾಗ್ದಾದಿನ ಜುನೈದನ ಮಾತು: ಕಾಲ, ಸ್ಥಳ, ಜೊತೆಗಾರರು. ಹಾಡು ಯಾವುದು ಎಂಬುದು ಈ ಪಟ್ಟಿಯಲ್ಲೇ ಇಲ್ಲ! ದೆಹಲಿಯ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ಸಮಾ ಸಭೆಯೊಂದರಲ್ಲಿ ಒಂದು ದ್ವಿಪದಿ ಕೇಳಿ ಮೈಮರೆತು, ಅದೇ ಪರವಶತೆಯಲ್ಲಿ ದಿನಗಳ ನಂತರ ತೀರಿಕೊಂಡರೆಂದು ಪರಂಪರೆ ನಂಬುತ್ತದೆ. ಧರ್ಮಶಾಸ್ತ್ರ ಬಲ್ಲ ಉಲೇಮಾಗಳು ಸಮಾವನ್ನು ಒಪ್ಪಲಿಲ್ಲ. ಘಿಯಾಸುದ್ದೀನ್ ತುಘಲಕನ ಆಸ್ಥಾನದಲ್ಲಿ ನಿಜಾಮುದ್ದೀನ್ ಔಲಿಯಾ ಸಮಾ ಧರ್ಮಸಮ್ಮತವೇ ಎಂಬ ವಿಚಾರಣೆಗೆ ಉತ್ತರಿಸಬೇಕಾಯಿತು.

ಧರ್ಮಗಳು ಹಾಡಿಗೆ ಹೆದರಿದ್ದು ಅದು ಕೆಟ್ಟದ್ದೆಂದಲ್ಲ, ಅತಿ ಒಳ್ಳೆಯದೆಂದು. ಹಾಡಿನ ಒಳಗಿನ ಮಾತಿಗಿಂತ ಹಾಡುವಿಕೆಯೇ ತನ್ನನ್ನು ಹೆಚ್ಚು ಕಲಕಿದಾಗ ತಾನು ಪಾಪ ಮಾಡಿದ್ದೇನೆ ಎಂದು ಸಂತ ಅಗಸ್ಟೀನ್ ಆತ್ಮಚರಿತ್ರೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಹಾಗೆಂದು ಚರ್ಚಿನಿಂದ ಹಾಡನ್ನು ಓಡಿಸಲೂ ಅವನಿಗೆ ಮನಸ್ಸಿಲ್ಲ. ಗಂಧರ್ವನ ಪ್ರೇಮಗೀತೆಯನ್ನು ಹೊಗಳಿದ ಬುದ್ಧನೇ ಅಂಗುತ್ತರನಿಕಾಯದಲ್ಲಿ, ಧರ್ಮವನ್ನು ರಾಗ ಎಳೆದು ಹಾಡುವುದರ ಐದು ಕೆಡಕುಗಳನ್ನು ಭಿಕ್ಷುಗಳಿಗೆ ಹೇಳುತ್ತಾನೆ. ಮೊದಲನೆಯದು, ಹಾಡುವವನಿಗೆ ತನ್ನ ದನಿಯ ಮೇಲೇ ಮೋಹ ಹುಟ್ಟುತ್ತದೆ. ಇದರಲ್ಲಿ ವಿರೋಧವೇನೂ ಇಲ್ಲ. ಪ್ರೇಮವನ್ನು ಪ್ರೇಮವೆಂದೇ ಹಾಡಿದವನಲ್ಲಿ ಕಪಟವಿಲ್ಲ. ಧರ್ಮದ ಹೆಸರಿನಲ್ಲಿ ತನ್ನ ಕಂಠವನ್ನು ಪ್ರದರ್ಶನಕ್ಕಿಡುವವನ ಪಾಡು ಬೇರೆ.

ಬಸವಣ್ಣ ಈ ಗಂಟನ್ನು ಬಿಡಿಸಿದ ರೀತಿ ಇಡೀ ಚರ್ಚೆಯಲ್ಲಿ ಅತ್ಯಂತ ನೇರವಾದದ್ದು. ತಾಳದ ಅಳತೆ, ಗಣಗಳ ಲೆಕ್ಕ ತನಗೆ ತಿಳಿಯದು ಎಂದು ವಚನವೊಂದರಲ್ಲಿ ಮೊದಲೇ ಒಪ್ಪಿಕೊಂಡುಬಿಡುತ್ತಾನೆ. ಒಲವು ಬಂದ ಹಾಗೆ ಹಾಡುವುದಷ್ಟೇ ತನ್ನ ಕೆಲಸ, ಅದರಿಂದ ದೇವರಿಗೇನೂ ಕೇಡಿಲ್ಲ ಎಂಬ ಧೈರ್ಯ ಅವನದು. ಕನ್ನಡದ ‘ಒಲಿ’ ಎರಡು ಕಡೆಗೂ ಹರಿಯುವ ಮಾತು. ಭಕ್ತ ದೇವರಿಗೆ ಒಲಿಯುತ್ತಾನೆ, ದೇವರೂ ಒಲಿಯುತ್ತಾನೆ. ರುಚಿಯ ಪ್ರಶ್ನೆಯನ್ನು ಬಸವಣ್ಣ ಒಲವಿನ ಪ್ರಶ್ನೆಯಾಗಿ ಬದಲಾಯಿಸಿದ, ಪರೀಕ್ಷೆಯ ಕೋಣೆಯನ್ನೇ ಖಾಲಿ ಮಾಡಿಸಿದ.

ಪರೀಕ್ಷೆಯ ಕೋಣೆಯನ್ನು ಮತ್ತೆ ತೆರೆದದ್ದು ಸರ್ಕಾರ. ಹಾರ್ಮೋನಿಯಂ ಭಾರತೀಯ ಶ್ರುತಿ, ಗಮಕಗಳಿಗೆ ಹೊಂದದ ವಾದ್ಯ ಎಂದು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು. ಕಂಪನಿ ನಾಟಕದ ರಂಗಗೀತೆಗಳನ್ನು ಪೇಟಿಯ ಜೊತೆಗೇ ಕೇಳಿ ಬೆಳೆದ ಉತ್ತರ ಕರ್ನಾಟಕದ ಕಿವಿಗಳಿಗೆ ಇದು ವಿಚಿತ್ರವಾದ ತೀರ್ಮಾನ. 1952ರಲ್ಲಿ ಪ್ರಸಾರ ಖಾತೆಗೆ ಮಂತ್ರಿಯಾಗಿ ಬಂದ ಬಿ.ವಿ. ಕೇಸ್ಕರ್ ಇನ್ನೂ ದೊಡ್ಡದಕ್ಕೇ ಕೈ ಹಾಕಿದರು. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂಬುದು ಅವರ ಖಚಿತ ನಂಬಿಕೆ. ರೇಡಿಯೋದಲ್ಲಿ ಚಿತ್ರಗೀತೆಗಳ ಸಮಯ ಕುಗ್ಗುತ್ತ ಹೋಗಿ ಬಹುತೇಕ ನಿಂತೇಹೋಯಿತು. ಕೇಸ್ಕರರನ್ನು ಬರೀ ಹಾಸ್ಯ ಮಾಡಿ ಕೈತೊಳೆದುಕೊಳ್ಳುವುದು ಅನ್ಯಾಯ. ಅರಮನೆಗಳ ಆಶ್ರಯ ತಪ್ಪಿದ ಶಾಸ್ತ್ರೀಯ ಗಾಯಕ ವಾದಕರಿಗೆ ಆಕಾಶವಾಣಿ ಅನ್ನ ಕೊಟ್ಟದ್ದು ಅದೇ ಕಾಲದಲ್ಲಿ. ಧಾರವಾಡದ ನಿಲಯ ಶುರುವಾದದ್ದು 1950ರಲ್ಲಿ. ಮಲ್ಲಿಕಾರ್ಜುನ ಮನ್ಸೂರರಂಥವರು ಅಲ್ಲಿ ಸಲಹೆಗಾರರಾಗಿದ್ದರು. ಮಂತ್ರಿಗಳು ಕೊಟ್ಟದ್ದು ಒಳ್ಳೆಯದೇ. ತಪ್ಪಿದ್ದು, ಕೊಡುವ ಮುಂಚೆ ಎದುರಿನವರ ಕೈಯಲ್ಲಿದ್ದುದನ್ನು ಕಿತ್ತುಕೊಂಡದ್ದರಲ್ಲಿ.

ಜನ ರೇಡಿಯೋ ಗುಂಡಿ ತಿರುಗಿಸಿ ಸಿಲೋನಿಗೆ ಹೋದರು. 1952ರಲ್ಲೇ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಹಲ್ಲುಜ್ಜುವ ಪೇಸ್ಟಿನ ಕಂಪನಿಯೊಂದು ದೇಶದ ಬುಧವಾರ ರಾತ್ರಿಗಳನ್ನು ಗೆದ್ದುಕೊಂಡಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧಭಾರತಿಯನ್ನು ತೆರೆದು ಸಿನಿಮಾ ಹಾಡಿಗೆ ಬಾಗಿಲು ಬಿಡಬೇಕಾಯಿತು. ಅಭಿರುಚಿಯನ್ನು ಆಜ್ಞೆಯಿಂದ ತಿದ್ದಬಹುದು ಎಂಬ ಪ್ರಯೋಗ ಐದೇ ವರ್ಷ ಬಾಳಿತು.

ಆಮೇಲೆ ಬಂದದ್ದು ಕೋರಿಕೆಯ ಕಾಲ. ಈಗ ಜಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿಯೂರು ಬರೀ ಫರ್ಮಾಯಿಷಿ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಕನ್ನಡದ ಕೋರಿಕೆ ಕಾರ್ಯಕ್ರಮಗಳನ್ನು ಕೇಳಿ ಬೆಳೆದವರಿಗೂ ಆ ಹೆಸರುಗಳ ಸಾಲು ನೆನಪಿರುತ್ತದೆ: ಇಂಥ ಊರಿನಿಂದ ಅಪ್ಪ, ಅಮ್ಮ, ಅಕ್ಕ, ಪುಟ್ಟಿ ಮತ್ತು ಗೆಳೆಯರು. ಹಾಡು ಬೇಕೆಂಬುದಷ್ಟೇ ಆಗಿದ್ದರೆ ಯಾರೋ ಕೇಳಿದ ಹಾಡನ್ನೇ ಕೇಳಿ ಸುಮ್ಮನಾಗಬಹುದಿತ್ತು. ಹದಿನೈದು ಪೈಸೆಯ ಕಾರ್ಡು ಖರ್ಚು ಮಾಡಿದ್ದು ಹಾಡಿನ ಪಕ್ಕದಲ್ಲಿ ತಮ್ಮ ಹೆಸರೂ ಕೇಳಿಸಲಿ ಎಂದು. ಕಂಡಿಲ್ಲದ ಸಾವಿರಾರು ಮನೆಗಳ ಜೊತೆ ಒಂದೇ ಗಳಿಗೆಯಲ್ಲಿ ಕೇಳುವ ಆ ಸುಖವನ್ನು ಅಭಿನವಗುಪ್ತನ ಸಭೆಗೆ ಹೋಲಿಸಿದರೆ ತಪ್ಪಾಗಲಾರದು. ಅಲ್ಲಿ ಕನ್ನಡಿ ತಿಕ್ಕಿದ್ದೀರಾ ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

ಕೆಲವೊಮ್ಮೆ ಹಂಚುವವನಿಗೆ ತಾನು ಹಂಚಿದ್ದೇ ಗೊತ್ತಿರುವುದಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿದ. ಹಾಗೆ ಹಾಡಬೇಕು ಎಂಬ ಗುಂಗು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು, ಕೊನೆಗೆ ಮನೆಯಿಂದ ದೂರವೇನೂ ಇಲ್ಲದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ನಿಂತ. ಅವರು ಅದೇ ಕರೀಂ ಖಾನರ ಶಿಷ್ಯರು. ರೆಕಾರ್ಡು ಹಚ್ಚಿದವನಿಗೆ ಗಿರಾಕಿ ಸೆಳೆಯುವುದಷ್ಟೇ ಬೇಕಿತ್ತು. ಅದೇ ರೆಕಾರ್ಡನ್ನು ಅದೇ ಬೀದಿಯಲ್ಲಿ ನೂರಾರು ಮಂದಿ ಕೇಳಿ ಮುಂದೆ ನಡೆದಿರಬೇಕು. ಅವರ ಕಿವಿಯಲ್ಲಿ ದೋಷವಿತ್ತೆಂದು ಹೇಳಲಾಗದು.

ಮಾತಿನ ಮಿತಿಯನ್ನೇ ಬದುಕಿನ ವಿಷಯವಾಗಿಸಿಕೊಂಡ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್, ಹಾಡು ತನ್ನನ್ನು ಹಿಡಿದ ಬಗೆಯನ್ನು ಪುಸ್ತಕದಲ್ಲಿ ಹೇಳಲಾಗದೆ ಸೋತ. ಅಣ್ಣ ಪಾಲ್, ಬಲಗೈ ಕಳೆದುಕೊಂಡ ಮೇಲೂ ಎಡಗೈಯೊಂದರಿಂದಲೇ ಕಚೇರಿ ಕೊಟ್ಟ ಪಿಯಾನೋ ವಾದಕ. ತಾನು ಗೆಳೆಯ ಪಿನ್‌ಸೆಂಟ್‌ನ ಪಿಯಾನೋಗೆ ಶುಬರ್ಟ್‌ನ ಹಾಡುಗಳನ್ನು ಸಿಳ್ಳೆಯಲ್ಲಿ ನುಡಿಸುತ್ತಿದ್ದ. ಆದರೂ ಮುದಿಗಾಲದಲ್ಲಿ ಶಿಷ್ಯ ಡ್ರೂರಿಯ ಬಳಿ ಹಳಹಳಿಸಿದ: ಸಂಗೀತ ತನ್ನ ಬಾಳಿಗೆ ಏನಾಗಿತ್ತೆಂಬುದರ ಒಂದು ಮಾತೂ ಪುಸ್ತಕದಲ್ಲಿ ಬರಲಿಲ್ಲ, ಹಾಗಿರುವಾಗ ಓದುವವರಿಗೆ ತಾನು ಹೇಗೆ ಅರ್ಥವಾಗಬೇಕು? ಡ್ರೂರಿ ಬರೆದಿಟ್ಟದ್ದರಿಂದ ಇದಾದರೂ ಉಳಿಯಿತು. ಕೇಳಲು ಒಬ್ಬನಿದ್ದ.

ಇನ್ನು ಪಂಚಶಿಖನ ಕಥೆ. ಹಾಡನ್ನು ಕಟ್ಟಿದ್ದು ಬುದ್ಧನಿಗೆ ಬೋಧಿಯಾದ ಹೊಸದರಲ್ಲಿ, ಅವನಿನ್ನೂ ನೇರಂಜರಾ ನದಿಯ ದಡದಲ್ಲಿದ್ದಾಗ ಎಂದು ಗಂಧರ್ವ ಹೇಳುತ್ತಾನೆ. ಹುಡುಗಿ ಗಂಧರ್ವರಾಜ ತಿಂಬರುವಿನ ಮಗಳು, ಸೂರ್ಯವರ್ಚಸೆ. ಅವಳ ಮನಸ್ಸಿದ್ದುದು ಇನ್ನೊಬ್ಬನ ಮೇಲೆ, ದೇವಸಾರಥಿ ಮಾತಲಿಯ ಮಗನ ಮೇಲೆ. ಬೇರೆ ದಾರಿ ಕಾಣದೆ ಪಂಚಶಿಖ ಅವಳ ಮನೆಯ ಮುಂದೆ ಹೋಗಿ ಇದೇ ವೀಣೆಯಲ್ಲಿ ಇದೇ ಹಾಡು ಹಾಡಿದ. ಅವಳಿಗೆ ತನ್ನ ಚೆಲುವಿನ ವರ್ಣನೆ ಹಿಡಿಸಿತೋ ಇಲ್ಲವೋ, ಆ ಬಗ್ಗೆ ಅವಳು ಚಕಾರ ಎತ್ತಲಿಲ್ಲ. ಆ ಬುದ್ಧನನ್ನು ತಾನು ಕಂಡಿಲ್ಲ, ದೇವಸಭೆಯಲ್ಲಿ ಕುಣಿಯಲು ಹೋದಾಗ ಹೆಸರು ಕೇಳಿದ್ದೇನೆ, ನೀನು ಅವನನ್ನು ಹೊಗಳುತ್ತಿರುವೆಯಾದ್ದರಿಂದ ಇವತ್ತು ಭೇಟಿಯಾಗೋಣ ಎಂದಳು. ಅವನು ಉಪಮೆಗೆಂದು ತಂದಿಟ್ಟ ಹೆಸರು ಅವಳನ್ನು ಹೊರಗೆ ಕರೆತಂದಿತ್ತು. ಅಂದು ಭೇಟಿಯಾದದ್ದೇ, ಆಮೇಲೆ ಮತ್ತೆ ಆಗಿಲ್ಲ ಎಂದು ಪಂಚಶಿಖ ಬುದ್ಧನಿಗೆ ವರದಿ ಒಪ್ಪಿಸುತ್ತಾನೆ.